ಕಾರ್ಪೆಟ್ ಕಿತ್ತವರ ಕತೆ

ಹಳೇ ಕಾರೊಂದನ್ನು ಹುಡುಕಿ ತರೋದು, ಒಳಗಿರೋ ಹಿಂದಿನ ಸೀಟು, ಕಾರ್ಪೆಟ್, ಸ್ಟೀರಿಯೋ ಎಲ್ಲ ಕಿತ್ತು ರೇಸ್ ಕಾರಿನ ಥರ ಬೋಳು ಮಾಡಿಸೋದು. ಬೆಂಗಳೂರಿನ ನನ್ನ ಗೆಳೆಯರಲ್ಲಿ ಕೆಲವರಿಗೆ ಈಗ ಇದೇ ಹುಚ್ಚು. ಇರೋದನ್ನ ತೆಗೆಸೋಕೆ ದುಡ್ಡು ಕೊಡ್ತಾರೆ ಅಂದ್ರೆ ನಮ್ಮ ಬಣಕಲ್ ಕಡೆ ಯಾರೂ ನಂಬಲ್ಲ. ಅಲ್ಲಿ ಬೋಳು ಗಾಡಿ ಅಂದ್ರೆ ತೋಟದ ಜೀಪು. ಗೊಬ್ಬರದ ಮೂಟೆ, ಡೀಸೆಲ್ ಕ್ಯಾನು, ಕೆಸರು ಮೆತ್ತಿದ ಗಮ್‌ಬೂಟು, ಬೂಟಿನ ಜತೆ ಪುಕ್ಕಟೆ ಬರೋ ಇಂಬಳ. ಇಷ್ಟೆಲ್ಲ ಹೊರೋ ಗಾಡಿಗೆ ಕಾರ್ಪೆಟ್ ಯಾಕೆ? ಒಂದು ಬಕೆಟ್ ನೀರು ಸುರಿದರೆ ಮುಗೀತು.

ಆದರೆ ಆ ಜೀಪಿನ ಹಿಂದೆ ಇರೋದೂ ತೂಕ ಇಳಿಸಿದ ಕತೆಯೇ. 1940ರಲ್ಲಿ ಅಮೆರಿಕದ ಸೈನ್ಯ ಇಂಥ ಗಾಡಿ ಬೇಕು ಅಂತ ಕೇಳಿದಾಗ ಹಾಕಿದ ಮಿತಿ ಸುಮಾರು 590 ಕೆ.ಜಿ. ಅದು ಆಗದ ಮಾತು ಅಂತ ಗೊತ್ತಾದ ಮೇಲೆ ಸುಮಾರು 980ಕ್ಕೆ ಏರಿಸಿದರು. ವಿಲ್ಲೀಸ್ ಕಂಪನಿಯ ಮಾದರಿ ಅದಕ್ಕಿಂತ ನೂರು ಕಿಲೋಗೂ ಹೆಚ್ಚು ತೂಗ್ತಿತ್ತು. ಎಂಜಿನ್ ಚಿಕ್ಕದು ಮಾಡಿದ್ದರೆ ಕೆಲಸ ಸುಲಭವಾಗ್ತಿತ್ತು. ಎಂಜಿನಿಯರ್ ಡೆಲ್ಮಾರ್ ರೂಸ್ ಮಾತ್ರ ತನ್ನ 60 ಅಶ್ವಶಕ್ತಿಯ ಎಂಜಿನ್ ಬಿಟ್ಟುಕೊಡಲಿಲ್ಲ. ಬದಲಿಗೆ ಇಡೀ ಗಾಡಿ ಬಿಚ್ಚಿಸಿ, ಬೋಲ್ಟುಗಳ ಹೆಚ್ಚುವರಿ ಉದ್ದ ಕತ್ತರಿಸಿ, ಬಣ್ಣವನ್ನೂ ತೆಳುವಾಗಿ ಬಳಿಸಿದ ಅಂತಾರೆ. 1947ರಿಂದ ಮಹೀಂದ್ರಾ ಇಲ್ಲೇ ವಿಲ್ಲೀಸ್ ಜೀಪುಗಳನ್ನ ಜೋಡಿಸೋಕೆ ಶುರು ಮಾಡ್ತು. ಯುದ್ಧಕ್ಕೆ ಅಂತ ಹುಟ್ಟಿದ ಗಾಡಿ ನಮ್ಮ ಕಾಫಿ ತೋಟದ ಏರು ಹತ್ತಿತು.

ಈಗ ಬೋಳು ಕಾರಿನ ಶ್ರೀಮಂತ ವಂಶಕ್ಕೆ ಬರೋಣ. ಪೋರ್ಷೆ ಕಂಪನಿ 1972ರಲ್ಲಿ 911 ಕರೇರಾ ಆರ್‌ಎಸ್ ತೋರಿಸಿತು. ರೇಸಿಗೆ ಇಳಿಸೋಕೆ ನಿಯಮದ ಪ್ರಕಾರ 500 ಕಾರು ಮಾರಲೇಬೇಕಿತ್ತು. ಹಗುರ ಮಾದರಿಯಲ್ಲಿ ಹಿಂದಿನ ಸೀಟಿಲ್ಲ, ಗಡಿಯಾರವಿಲ್ಲ, ಬಾಗಿಲು ಎಳೆಯೋಕೆ ಹಿಡಿಯ ಬದಲು ಒಂದು ಪಟ್ಟಿ. ತೂಕ ಸುಮಾರು 960 ಕೆ.ಜಿ., ಅಂದ್ರೆ ಸೈನ್ಯ ಜೀಪಿಗೆ ಹಾಕಿದ ಮಿತಿಯ ಆಸುಪಾಸು! ಕೊನೆಗೆ ಕಂಪನಿ ಇಂಥ ಆರ್‌ಎಸ್ 1,580 ಮಾಡಿತು. ಅದರಲ್ಲಿ ಹಗುರ ಮಾದರಿ ಬರೀ 200. ನೂರು ಕಿಲೋ ಜಾಸ್ತಿ ಆದರೂ ಪರವಾಗಿಲ್ಲ, ಮೆತ್ತನೆ ಸೀಟು ಇರೋ 'ಟೂರಿಂಗ್' ಕೊಡಿ ಅಂದೋರೇ ಹೆಚ್ಚು. ಬೋಳು ಕಾರಿಗೆ ಜನ ಮುಗಿಬಿದ್ದಿದ್ದು ಆಮೇಲೆ, ಅದು ಅಪರೂಪ ಅನ್ನಿಸಿಕೊಂಡಾಗ.

1987ರ ಫೆರಾರಿ ಎಫ್40 ಬರೋ ಹೊತ್ತಿಗೆ ಬೋಳುತನವೇ ಪ್ರತಿಷ್ಠೆ. ಕಾರ್ಪೆಟ್ ಇಲ್ಲ, ರೇಡಿಯೋ ಇಲ್ಲ, ಬಾಗಿಲು ತೆಗೆಯೋಕೆ ಒಂದು ದಾರ. ಎ.ಸಿ. ಮಾತ್ರ ಇತ್ತು, ಪಾಪ.

ನಮ್ಮಲ್ಲಿ ಇದಕ್ಕೆ ಹತ್ತಿರದ ಸಂಬಂಧಿ ಅಂದ್ರೆ ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್. 1982ರ ಹೊತ್ತಿನದು, ಎರಡೇ ಬಾಗಿಲು, ಫೈಬರ್‌ಗ್ಲಾಸ್ ಮೈ, 848 ಸಿಸಿ ಎಂಜಿನ್. ಮರುವರ್ಷವೇ ಮಾರುತಿ 800 ಬಂದು ಮಾರುಕಟ್ಟೆಯಲ್ಲಿ ಅದರ ಕತೆ ಮುಗಿಸಿತು. ಆದರೆ ಹಗುರ ಅನ್ನೋ ಒಂದೇ ಗುಣಕ್ಕೆ ರೇಸಿನವರು ಅದನ್ನ ಬಿಡಲಿಲ್ಲ.

ನಿಜವಾದ ಬೋಳು ಕಾರು ನೋಡಬೇಕಂದ್ರೆ ಚಿಕ್ಕಮಗಳೂರಿನ ರ‍್ಯಾಲಿಗೆ ಹೋಗಬೇಕು. ತೋಟದೊಳಗಿನ ಮಣ್ಣು ರಸ್ತೆಗಳೇ ಅಲ್ಲಿ ಓಟದ ಹಾದಿ. ಎಷ್ಟೋ ವರ್ಷ ಮಾರುತಿ ಜಿಪ್ಸಿಗಳದ್ದೇ ಅಲ್ಲಿ ಗದ್ದಲ. 2016ರಲ್ಲಿ ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಶಿಪ್‌ನ ಸುತ್ತು ಇಲ್ಲೇ ನಡೆದಾಗ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫೇಬಿಯಾ ಆರ್5. ಒಳಗೆ ಇಣುಕಿದರೆ ಅಂಥ ಕಾರಲ್ಲಿ ಏನೂ ಇಲ್ಲ ಅನ್ಸುತ್ತೆ. ಆದರೆ ಆರ್5 ನಿಯಮದ ಕನಿಷ್ಠ ತೂಕ 1,230 ಕೆ.ಜಿ. ಮನೆ ಮುಂದೆ ನಿಲ್ಲೋ ಫೇಬಿಯಾಗಿಂತ ಇದೇ ಭಾರ! ಕಿತ್ತ ತೂಕವೆಲ್ಲ ಬೇರೆ ರೂಪದಲ್ಲಿ ವಾಪಸ್ ಬಂದಿರುತ್ತೆ: ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡೋ ವ್ಯವಸ್ಥೆ, ಬೆಂಕಿ ಆರಿಸೋ ಸಿಲಿಂಡರು, ಬಾಗಿಲಿಗೆ ದಪ್ಪ ಫೋಮು, ಎಲ್ಲಕ್ಕಿಂತ ಮುಖ್ಯವಾಗಿ ಉಕ್ಕಿನ ಕೊಳವೆಗಳ ಪಂಜರ, ರೋಲ್ ಕೇಜ್. ಕಾರ್ಪೆಟ್ ಹೋಗೋದು ಬೆಂಕಿ ಹಿಡಿಯುತ್ತೆ ಅಂತ, ಆಮೇಲೆ ಪಂಜರದ ಬುಡವನ್ನ ತಳಕ್ಕೆ ಬೆಸೆಯಬೇಕು ಅಂತ. ಲುಕ್ಕಿಗಲ್ಲ.

ಇದನ್ನೇ ನನ್ನ ಗೆಳೆಯನಿಗೆ ಹೇಳಿದ್ದು. ಅವನ ಅಪ್ಪನ ತೊಂಬತ್ತರ ದಶಕದ ಜಿಪ್ಸಿ ಬಣಕಲ್ಲಿನ ಮನೇಲಿದೆ. ಅದಕ್ಕೆ ರ‍್ಯಾಲಿ ಲುಕ್ ಕೊಟ್ಟು, ಕೇಜ್ ಹಾಕಿಸಿ, ಬೆಂಗಳೂರಲ್ಲಿ ಓಡಿಸೋ ಆಸೆ.

"ಕೇಜ್ ಇದ್ರೆ ಸೇಫ್ ಅಲ್ವಾ ಮಾರಾಯ?" ಅಂದ.

"ಹೆಲ್ಮೆಟ್ ಹಾಕ್ಕೊಂಡು ಆಫೀಸಿಗೆ ಹೋಗ್ತೀಯಾ?"

ರೇಸಿನವರ ತಲೆಗೆ ಹೆಲ್ಮೆಟ್, ಮೈಗೆ ಹಲವು ಪಟ್ಟಿಯ ಬೆಲ್ಟು ಇರುತ್ತೆ. ಬರಿದಲೆಯಲ್ಲಿ ಕೂತವನಿಗೆ ಸಣ್ಣ ಡಿಕ್ಕಿಯಲ್ಲೂ ಕಿವಿ ಪಕ್ಕದ ಆ ಉಕ್ಕಿನ ಕೊಳವೆಯೇ ಮೊದಲ ಏಟು ಕೊಡಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಇದೆ. ತಯಾರಕರ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಕೇಜಿನ ಆಸೆ ಬಿಟ್ಟ. ಸುಮ್ಮನೆ ನೋಡೋಣ ಅಂತ ಒಂದು ಭಾನುವಾರ ಕಾರ್ಪೆಟ್ ಒಂದನ್ನ ಎತ್ತಿದ. ಕೆಳಗಿನ ತಗಡಲ್ಲಿ ಇಷ್ಟು ವರ್ಷದ ಮಳೆಗಾಲ ಸೇರಿ ಕೊರೆದ ತೂತುಗಳು. ಒಂದರಲ್ಲಿ ಅಂಗಳದ ಹುಲ್ಲು ಕಾಣ್ತಿತ್ತು. ಜಿಪ್ಸಿ ಈಗ ಟಿಂಕರಿಂಗ್ ಶೆಡ್ಡಲ್ಲಿದೆ. ತಳಕ್ಕೆ ಹೊಸ ತಗಡು ಬೆಸೆಯೋ ಕೆಲಸ ನಡೀತಿದೆ. ಕಾರ್ಪೆಟ್ ವಾಪಸ್ ಬೇಡ, ರಬ್ಬರ್ ಮ್ಯಾಟ್ ಸಾಕು ಅಂತ ಅವನ ಅಪ್ಪ ಹೇಳಿ ಕಳಿಸಿದಾರೆ.