ಪಿಎಚ್‌ಪಿ ಸಂರಚನಾ ಕಡತ: ಒಂದು ಚಾರಿತ್ರಿಕ ಪರಿಶೀಲನೆ

ಜಾಲತಾಣಗಳನ್ನು ನಡೆಸುವ ಸರ್ವರುಗಳಲ್ಲಿ ಪಿಎಚ್‌ಪಿ ಎಂಬ ಸ್ಕ್ರಿಪ್ಟ್ ಭಾಷೆ ಬಹುಕಾಲದಿಂದ ಬಳಕೆಯಲ್ಲಿರುವುದು ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಆ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಎಷ್ಟು ಮೆಮೊರಿಯನ್ನು ಬಳಸಬಹುದು, ಎಷ್ಟು ಸೆಕೆಂಡುಗಳ ಕಾಲ ನಡೆಯಬಹುದು, ಹೊರಗಿನವರು ಕಳುಹಿಸುವ ಕಡತ ಎಷ್ಟು ದೊಡ್ಡದಾಗಿರಬಹುದು, ತಪ್ಪು ಸಂಭವಿಸಿದಾಗ ಅದು ಎಲ್ಲರ ಕಣ್ಣಿಗೂ ಬೀಳಬೇಕೆ ಕೂಡದೆ ಎಂಬಿವೇ ಮೊದಲಾದ ನಿಯಮಗಳನ್ನು ಒಂದು ಪ್ರತ್ಯೇಕ ಕಡತದಲ್ಲಿ ಬರೆದಿಡುವುದು ವಾಡಿಕೆ. ಅದೇ ಸಂರಚನಾ ಕಡತ. ‘ಪಿಎಚ್‌ಪಿ ಡಾಟ್ ಐಎನ್‌ಐ’ ಎಂಬುದು ಅದರ ಹೆಸರು. ಇದನ್ನು ಹುಡುಕುವುದೂ ತಿದ್ದುವುದೂ ಸರ್ವರ್ ನೋಡಿಕೊಳ್ಳುವವರ ದೈನಂದಿನ ಕೆಲಸ. ಇದರಲ್ಲಿ ಇತಿಹಾಸದ ವಿದ್ಯಾರ್ಥಿಗೆ ಏನಿದೆ ಎಂಬ ಪ್ರಶ್ನೆ ಏಳುವುದು ಸಹಜವೇ.

ಒಂದು ನಿಯಮ ಎಲ್ಲಿ ಬರೆಯಲ್ಪಟ್ಟಿದೆ, ಅದನ್ನು ಬದಲಾಯಿಸುವ ಅಧಿಕಾರ ಯಾರದು, ಬರೆದಿರುವುದೆಲ್ಲವೂ ಜಾರಿಯಲ್ಲಿತ್ತೆ ಎಂಬ ಪ್ರಶ್ನೆಗಳನ್ನು ನಾವು ತಾಮ್ರಪಟಗಳ ವಿಷಯದಲ್ಲಿಯೂ ದಫ್ತರುಗಳ ವಿಷಯದಲ್ಲಿಯೂ ಕೇಳುತ್ತಲೇ ಬಂದಿದ್ದೇವೆ. ಪ್ರಕೃತ ಕಡತದ ಚರಿತ್ರೆಯಲ್ಲಿ ಅವೇ ಪ್ರಶ್ನೆಗಳು ಸುಮಾರು ಮೂವತ್ತು ವರ್ಷಗಳ ಅವಧಿಯಲ್ಲಿ, ತೇದಿಸಹಿತವಾದ ಆಧಾರಗಳೊಡನೆ ಎದುರಾಗುತ್ತವೆ. ಇದರಲ್ಲಿ ನಮ್ಮ ಸ್ವಾರ್ಥವೂ ಇಲ್ಲದಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಕಾಲೇಜುಗಳೂ ಗ್ರಂಥಾಲಯಗಳೂ ಸಿದ್ಧಪಡಿಸಿದ ಎಷ್ಟೋ ಸೂಚಿಗಳು ಈ ಭಾಷೆಯಲ್ಲಿಯೇ ಬರೆಯಲ್ಪಟ್ಟವು. ಅವುಗಳ ಪ್ರೋಗ್ರಾಂ ಉಳಿದು ಸಂರಚನಾ ಕಡತ ಕಳೆದುಹೋದರೆ, ಉಳಿದುದು ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ತಿಳಿಯುವುದು ಬಹು ಕಷ್ಟ.

ರಾಸ್ಮಸ್ ಲೆರ್ಡೋರ್ಫ್ ೧೯೯೪ರಲ್ಲಿ ತನ್ನ ಸ್ವಂತ ಪುಟವನ್ನು ಎಷ್ಟು ಮಂದಿ ನೋಡುತ್ತಿದ್ದಾರೆಂದು ತಿಳಿಯಲು ಸಿ ಭಾಷೆಯಲ್ಲಿ ಕೆಲವು ಸಣ್ಣ ಪ್ರೋಗ್ರಾಂಗಳನ್ನು ಬರೆದುಕೊಂಡನು. ೧೯೯೫ರ ಜೂನ್ ತಿಂಗಳಲ್ಲಿ ಅವನ್ನು ‘ಪರ್ಸನಲ್ ಹೋಂ ಪೇಜ್’ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ಬಿಟ್ಟುಕೊಟ್ಟನು. ಬರೆದವನೂ ಬಳಸುವವನೂ ಒಬ್ಬನೇ ಆಗಿರುವಾಗ ನಿಯಮಗಳಿಗೆ ಬೇರೊಂದು ಕಡತದ ಅಗತ್ಯವೇ ಇಲ್ಲ. ೧೯೯೭ರ ನವೆಂಬರಿನಲ್ಲಿ ಹೊರಬಂದ ಎರಡನೆಯ ಆವೃತ್ತಿಯಲ್ಲಿಯೂ ಬಹುಮಟ್ಟಿಗೆ ಆಯ್ಕೆಗಳೆಲ್ಲ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗಲೇ ನಿರ್ಧಾರವಾಗಿಬಿಡುತ್ತಿದ್ದುವು. ಮನಸ್ಸು ಬದಲಾದರೆ ಮತ್ತೆ ಕಂಪೈಲ್ ಮಾಡಬೇಕು. ಇಸ್ರೇಲಿನ ಹೈಫಾ ನಗರದ ಟೆಕ್ನಿಯನ್ ಸಂಸ್ಥೆಯ ವಿದ್ಯಾರ್ಥಿಗಳಾಗಿದ್ದ ಆಂಡಿ ಗುಟ್‌ಮನ್ಸ್ ಮತ್ತು ಜೀವ್ ಸುರಾಸ್ಕಿ ಎಂಬಿಬ್ಬರು ಭಾಷೆಯನ್ನು ಹೊಸದಾಗಿ ಬರೆದರು. ೧೯೯೮ರ ಜೂನ್‌ನಲ್ಲಿ ಪ್ರಕಟವಾದ ಆ ಮೂರನೆಯ ಆವೃತ್ತಿಯೊಡನೆ ‘ಪಿಎಚ್‌ಪಿ೩ ಡಾಟ್ ಐಎನ್‌ಐ’ ಎಂಬ ಕಡತ ಕಾಣಿಸಿಕೊಳ್ಳುತ್ತದೆ. ೨೦೦೦ದ ಮೇ ತಿಂಗಳಲ್ಲಿ ನಾಲ್ಕನೆಯ ಆವೃತ್ತಿ ಬಂದಾಗ ಹೆಸರಿನಲ್ಲಿದ್ದ ಅಂಕಿ ಬಿದ್ದುಹೋಗಿ ಇಂದಿನ ಹೆಸರು ನಿಂತಿತು. ನಿರ್ಧರಿಸುವ ಅಧಿಕಾರ ಕಂಪೈಲ್ ಮಾಡುವವನ ಕೈಯಿಂದ ಕಡತ ತಿದ್ದುವವನ ಕೈಗೆ ಬಂದುದು ಹೀಗೆ.

ಆದರೆ ಕಡತ ಎಲ್ಲಿದೆ? ಈ ಪ್ರಶ್ನೆ ತೋರುವಷ್ಟು ಸುಲಭವಲ್ಲ. ಪಿಎಚ್‌ಪಿ ತನ್ನ ಕಡತವನ್ನು ಒಂದು ಗೊತ್ತಾದ ಕ್ರಮದಲ್ಲಿ ಹುಡುಕುತ್ತದೆ. ಅಪಾಚೆ ಸರ್ವರಿನ ಸಂರಚನೆಯಲ್ಲಾಗಲಿ ಆಜ್ಞೆಯ ಸಾಲಿನಲ್ಲಾಗಲಿ ಸ್ಥಳವನ್ನು ಹೇಳಿದ್ದರೆ ಮೊದಲು ಅಲ್ಲಿ. ಆಮೇಲೆ ‘ಪಿಎಚ್‌ಪಿಆರ್‌ಸಿ’ ಎಂಬ ಪರಿಸರ ಚರದಲ್ಲಿ ಹೇಳಿದ ಜಾಗದಲ್ಲಿ. ವಿಂಡೋಸ್ ಆದರೆ ಅದರ ರಿಜಿಸ್ಟ್ರಿಯಲ್ಲಿ. ಆ ಬಳಿಕ ತಾನು ಆಗ ನಿಂತಿರುವ ಫೋಲ್ಡರಿನಲ್ಲಿ, ಆದರೆ ಆಜ್ಞೆಯ ಸಾಲಿನಿಂದ ನಡೆಸಿದಾಗ ಈ ಮೆಟ್ಟಿಲನ್ನು ಬಿಟ್ಟುಬಿಡುತ್ತದೆ. ಆಮೇಲೆ ಸರ್ವರಿನ ಸ್ವಂತ ಫೋಲ್ಡರಿನಲ್ಲಿ. ಕಟ್ಟಕಡೆಗೆ ವಿಂಡೋಸ್ ಫೋಲ್ಡರಿನಲ್ಲಿ ಅಥವಾ ಕಂಪೈಲ್ ಮಾಡುವಾಗ ಹೇಳಿದ್ದ ದಾರಿಯಲ್ಲಿ. ಮೊದಲು ಸಿಕ್ಕಿದ್ದೇ ಪ್ರಮಾಣ. ಹಿಂದೆ ಉಳಿದ ಪ್ರತಿಗಳು ಎಷ್ಟು ಚೆನ್ನಾಗಿ ತಿದ್ದಲ್ಪಟ್ಟಿದ್ದರೂ ಕೇವಲ ಬರೆಹ. ಎಲ್ಲಿಯೂ ಸಿಗದಿದ್ದರೆ ಪಿಎಚ್‌ಪಿ ನಿಲ್ಲುವುದಿಲ್ಲ, ತನ್ನೊಳಗೆ ಹುದುಗಿರುವ ಮೂಲ ಮೌಲ್ಯಗಳಿಂದ ನಡೆಯುತ್ತದೆ. ಈ ಕೊನೆಯ ಮಾತನ್ನು ಮರೆಯಬಾರದು. ಕಡತವಿಲ್ಲವೆಂದರೆ ನಿಯಮವಿಲ್ಲವೆಂದು ಅರ್ಥವಲ್ಲ. ದೃಷ್ಟಾಂತಕ್ಕೆ, ತಪ್ಪುಗಳನ್ನು ಪುಟದ ಮೇಲೆ ತೋರಿಸಬೇಕೆಂಬುದು ಹುದುಗಿರುವ ಮೌಲ್ಯ. ಕೂಡದೆಂಬುದು ಸಾರ್ವಜನಿಕ ಸರ್ವರಿಗಾಗಿ ಒದಗಿಸಿರುವ ಮಾದರಿ ಕಡತದ ಮಾತು.

ಮಾದರಿ ಕಡತಗಳ ಸಂಗತಿಯೂ ಗಮನಾರ್ಹವಾದುದು. ಹಿಂದೆ ‘ಡಿಸ್ಟ್’ ಮತ್ತು ‘ರೆಕಮೆಂಡೆಡ್’ ಎಂಬ ಎರಡು ಮಾದರಿಗಳು ಜೊತೆಗೆ ಬರುತ್ತಿದ್ದುವು. ೨೦೦೯ರ ಜೂನ್‌ನಲ್ಲಿ ಹೊರಬಂದ ೫.೩ನೆಯ ಆವೃತ್ತಿಯಲ್ಲಿ ಅವುಗಳ ಸ್ಥಾನಕ್ಕೆ ‘ಡೆವಲಪ್‌ಮೆಂಟ್’ ಮತ್ತು ‘ಪ್ರೊಡಕ್ಷನ್’ ಎಂಬವು ಬಂದುವು. ಇವು ಕರಡುಗಳು ಮಾತ್ರ. ನಕಲು ಮಾಡಿ, ಸರಿಯಾದ ಹೆಸರು ಕೊಟ್ಟು, ಸರಿಯಾದ ಜಾಗದಲ್ಲಿಡುವ ತನಕ ಇವುಗಳ ಒಂದು ಸಾಲೂ ಜಾರಿಗೆ ಬರುವುದಿಲ್ಲ. ನೋಟ್‌ಪ್ಯಾಡಿನಲ್ಲಿ ತಿದ್ದಿ ಉಳಿಸಿದ ಕಡತದ ಬಾಲಕ್ಕೆ ‘ಟಿಎಕ್ಸ್‌ಟಿ’ ಎಂಬುದು ಸೇರಿಕೊಂಡು, ವಿಂಡೋಸ್ ಆ ಬಾಲವನ್ನು ಮರೆಮಾಡಿ, ತಿದ್ದಿದವನು ದಿನಗಟ್ಟಲೆ ತಲೆಕೆಡಿಸಿಕೊಳ್ಳುವುದುಂಟು.

ಡೆಬಿಯನ್ ಲಿನಕ್ಸಿನಲ್ಲಿ ವಿಷಯ ಇನ್ನಷ್ಟು ಜಟಿಲ. ಅಲ್ಲಿ ‘ಇಟಿಸಿ’ ಎಂಬ ಫೋಲ್ಡರಿನೊಳಗೆ ಪಿಎಚ್‌ಪಿಯ ಫೋಲ್ಡರು, ಅದರೊಳಗೆ ಆವೃತ್ತಿಯ ಸಂಖ್ಯೆ, ಅದರೊಳಗೆ ಅಪಾಚೆಗೆ ಒಂದು, ಆಜ್ಞೆಯ ಸಾಲಿಗೆ ಒಂದು, ಎಫ್‌ಪಿಎಂ ಎಂಬ ವಿಧಾನಕ್ಕೆ ಇನ್ನೊಂದು ಎಂಬಂತೆ ಬೇರೆ ಬೇರೆ ಪ್ರತಿಗಳಿರುತ್ತವೆ. ಸಾಲದುದಕ್ಕೆ ‘ಕಾನ್ಫ್ ಡಾಟ್ ಡಿ’ ಎಂಬ ಫೋಲ್ಡರಿನಲ್ಲಿ ಸಣ್ಣ ಸಣ್ಣ ಕಡತಗಳಿದ್ದು, ಅವು ಮುಖ್ಯ ಕಡತದ ನಂತರ ಓದಲ್ಪಟ್ಟು ಅದರ ಮಾತನ್ನು ತಳ್ಳಿಹಾಕಬಲ್ಲವು. ರೆಡ್ ಹ್ಯಾಟಿನ ಸಂಪ್ರದಾಯದಲ್ಲಿ ಮುಖ್ಯ ಕಡತ ಒಂದೇ. ಅದು ‘ಇಟಿಸಿ’ಯ ನೇರ ಒಳಗಿರುತ್ತದೆ.

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳುವುದಕ್ಕೆ ವಾಚಕರ ಅನುಮತಿಯನ್ನು ಬೇಡುತ್ತೇನೆ. ಕೆಲವು ವರ್ಷಗಳ ಹಿಂದೆ ಶಾಸನಗಳ ಅಚ್ಚುಪ್ರತಿಗಳ ಛಾಯಾಚಿತ್ರಗಳನ್ನು ಒಂದು ಸೂಚಿಗೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಚಿತ್ರ ಎರಡು ಮೆಗಾಬೈಟನ್ನು ಮೀರಿದರೆ ಸೂಚಿ ಅದನ್ನು ಸ್ವೀಕರಿಸುತ್ತಿರಲಿಲ್ಲ. ಹೊರಗಿನಿಂದ ಬರುವ ಕಡತಕ್ಕೆ ಪಿಎಚ್‌ಪಿಯ ಮೂಲ ಮಿತಿಯೇ ಅಷ್ಟು. ಪ್ರೋಗ್ರಾಮಿನೊಳಗೆ ‘ಐಎನ್‌ಐ ಸೆಟ್’ ಎಂಬ ಫಂಕ್ಷನ್ನಿನಿಂದ ಮಿತಿಯನ್ನು ಹೆಚ್ಚಿಸಲು ನೋಡಿದೆ, ಆಗಲಿಲ್ಲ. ಆಮೇಲೆ ಆಜ್ಞೆಯ ಸಾಲಿನಲ್ಲಿ ಕಡತ ಎಲ್ಲಿದೆಯೆಂದು ಕೇಳಿ, ಅದು ತೋರಿಸಿದ ಕಡತವನ್ನು ತಿದ್ದಿ, ಸರ್ವರನ್ನು ಮತ್ತೆ ಪ್ರಾರಂಭಿಸಿದೆ. ಏನೂ ಬದಲಾಗಲಿಲ್ಲ. ಎರಡು ದಿನಗಳು ಕಳೆದ ಮೇಲೆ ತಿಳಿದುದೇನೆಂದರೆ, ಆಜ್ಞೆಯ ಸಾಲು ತನ್ನ ಕಡತವನ್ನು ತೋರಿಸಿತ್ತೇ ಹೊರತು ಅಪಾಚೆ ಓದುತ್ತಿದ್ದ ಕಡತವನ್ನಲ್ಲ. ನಾನು ಕೇಳಿದ ಪ್ರಶ್ನೆಗೆ ಉತ್ತರ ನಿಜವಾದುದೇ ಆಗಿತ್ತು. ಕೇಳಿದ ಜಾಗ ತಪ್ಪು. ‘ಪಿಎಚ್‌ಪಿ ಇನ್ಫೋ’ ಎಂಬ ಫಂಕ್ಷನ್ನನ್ನು ಒಂದು ಪುಟದಲ್ಲಿ ಬರೆದು ಬ್ರೌಸರಿನ ಮೂಲಕವೇ ತೆರೆದಿದ್ದರೆ, ಓದಲ್ಪಟ್ಟ ಕಡತದ ಪೂರ್ಣ ದಾರಿ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. (ನೋಡಿದ ಕೂಡಲೆ ಆ ಪುಟವನ್ನು ಅಳಿಸಬೇಕು, ಸರ್ವರಿನ ಗುಟ್ಟೆಲ್ಲ ಅದರಲ್ಲಿರುತ್ತದೆ.)

‘ಐಎನ್‌ಐ ಸೆಟ್’ ಏಕೆ ಕೆಲಸ ಮಾಡಲಿಲ್ಲವೆಂಬುದನ್ನು ವಿಚಾರಿಸಿದರೆ ಅಧಿಕಾರದ ಪ್ರಶ್ನೆಗೆ ಬರುತ್ತೇವೆ. ಪಿಎಚ್‌ಪಿಯ ನಿಯಮಗಳೆಲ್ಲ ಒಂದೇ ದರ್ಜೆಯವಲ್ಲ. ಕೆಲವನ್ನು ಪ್ರೋಗ್ರಾಂ ಬರೆಯುವವನೇ ನಡುವೆ ಬದಲಾಯಿಸಬಹುದು. ಕೆಲವನ್ನು ಆಯಾ ಫೋಲ್ಡರಿನ ಮಟ್ಟದಲ್ಲಿ. ಮತ್ತೆ ಕೆಲವನ್ನು ಸರ್ವರಿನ ಒಡೆಯನು ಮಾತ್ರ. ಒಳಬರುವ ಕಡತದ ಮಿತಿ ಎರಡನೆಯ ದರ್ಜೆಯದು. ಪ್ರೋಗ್ರಾಂ ಎಚ್ಚರಗೊಳ್ಳುವ ವೇಳೆಗೆ ಕಡತ ಬಂದು ತಲುಪಿರುತ್ತದೆಯಾದುದರಿಂದ ಈ ಏರ್ಪಾಡು ಯುಕ್ತವಾಗಿಯೇ ಇದೆ. ಒಂದೇ ಸರ್ವರಿನಲ್ಲಿ ನೂರಾರು ಬಾಡಿಗೆದಾರರು ಪುಟಗಳನ್ನಿಡುವ ಪದ್ಧತಿ ಬೆಳೆದಂತೆ ಈ ದರ್ಜೆಗಳ ನಡುವಣ ಘರ್ಷಣೆ ಹೆಚ್ಚಿತು. ‘ಸೇಫ್ ಮೋಡ್’ ಎಂಬ ನಿಯಮ ಬಾಡಿಗೆದಾರರನ್ನು ಪರಸ್ಪರ ಕಾಪಾಡಲು ಹುಟ್ಟಿದ್ದು. ಈ ಸಮಸ್ಯೆಯನ್ನು ಭಾಷೆಯ ಮಟ್ಟದಲ್ಲಿ ಬಗೆಹರಿಸಹೊರಟುದೇ ತಪ್ಪೆಂದು ಪಿಎಚ್‌ಪಿಯ ಕೈಪಿಡಿಯೇ ಒಪ್ಪಿಕೊಂಡಿತು. ೫.೩ರಲ್ಲಿ ಬಂದ ‘ಡಾಟ್ ಯೂಸರ್ ಡಾಟ್ ಐಎನ್‌ಐ’ ಎಂಬ ಕಡತ ಬಾಡಿಗೆದಾರನಿಗೆ ತನ್ನ ಫೋಲ್ಡರಿನ ಮಟ್ಟಿಗೆ ಸ್ವಲ್ಪ ಸ್ವಾತಂತ್ರ್ಯವನ್ನು ಕೊಟ್ಟಿತು. ಅದರ ಓದು ಮುನ್ನೂರು ಸೆಕೆಂಡುಗಳ ತನಕ ನೆನಪಿನಲ್ಲಿ ಉಳಿಯುವುದರಿಂದ, ತಿದ್ದಿದವನು ಫಲ ಕಾಣಲು ಐದು ನಿಮಿಷ ತಾಳಬೇಕಾಗಬಹುದು.

ಈ ಕಡತದ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ವಿವಾದ ಎದ್ದುದು ‘ರಿಜಿಸ್ಟರ್ ಗ್ಲೋಬಲ್ಸ್’ ಎಂಬ ಒಂದೇ ಸಾಲಿನ ವಿಷಯದಲ್ಲಿ. ಈ ನಿಯಮ ಜಾರಿಯಲ್ಲಿದ್ದಾಗ, ವಿಳಾಸದ ಸಾಲಿನಲ್ಲಿ ಬರುವ ಪ್ರತಿಯೊಂದು ಹೆಸರೂ ತಾನಾಗಿಯೇ ಪ್ರೋಗ್ರಾಮಿನ ಚರವಾಗಿಬಿಡುತ್ತಿತ್ತು. ಹೊಸಬರಿಗೆ ಇದರಿಂದಾದ ಅನುಕೂಲ ಸಾಮಾನ್ಯವಲ್ಲ. ಭಾಷೆ ಅಷ್ಟು ಬೇಗ ಹರಡಿದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಆದರೆ, ಬಂದವನು ಅಧಿಕಾರಿಯೇ ಅಲ್ಲವೇ ಎಂಬುದನ್ನು ಒಂದು ಚರದಲ್ಲಿ ಇಟ್ಟುಕೊಂಡು, ಅದಕ್ಕೆ ಮೊದಲೇ ‘ಅಲ್ಲ’ ಎಂಬ ಬೆಲೆಯನ್ನು ಕೊಡಲು ಪ್ರೋಗ್ರಾಂ ಬರೆದವನು ಮರೆತಿದ್ದರೆ, ಯಾವನು ಬೇಕಾದರೂ ವಿಳಾಸದಲ್ಲಿ ಆ ಹೆಸರನ್ನು ಬರೆದು ಅಧಿಕಾರಿಯಾಗಿ ಒಳಹೊಗಬಹುದಾಗಿತ್ತು. ೨೦೦೧ರ ಡಿಸೆಂಬರಿನಲ್ಲಿ ೪.೧ನೆಯ ಆವೃತ್ತಿ ಬದಲಿ ದಾರಿಯನ್ನು ಒದಗಿಸಿತು. ೨೦೦೨ರ ಏಪ್ರಿಲ್ ೨೨ರಂದು ಬಂದ ೪.೨.೦ದಲ್ಲಿ ಈ ನಿಯಮದ ಮೂಲ ಮೌಲ್ಯ ‘ಆನ್’ ಎಂಬುದರಿಂದ ‘ಆಫ್’ ಎಂಬುದಕ್ಕೆ ತಿರುಗಿತು.

ಬದಲಾದುದು ಒಂದು ಪದ. ಅದರ ಫಲವಾಗಿ, ಒಂದು ಅಕ್ಷರವನ್ನೂ ತಿದ್ದದೆ ಇದ್ದ ಅಸಂಖ್ಯ ಪ್ರೋಗ್ರಾಂಗಳು ಹೊಸ ಆವೃತ್ತಿಯಲ್ಲಿ ಕೆಲಸಮಾಡದೆ ಹೋದುವು. ಆಗ ಜನ ಮಾಡಿದುದೇನು? ಬಹುಮಂದಿ ಪ್ರೋಗ್ರಾಮನ್ನು ತಿದ್ದಲಿಲ್ಲ. ಸಂರಚನಾ ಕಡತವನ್ನು ತೆರೆದು ‘ಆಫ್’ ಎಂಬುದನ್ನು ಮತ್ತೆ ‘ಆನ್’ ಎಂದು ಬರೆದರು. ಬಾಡಿಗೆಗೆ ಜಾಗ ಕೊಡುವವರಿಗಂತೂ, ಗಿರಾಕಿಗಳ ಪುಟಗಳು ಕೆಡುವುದಕ್ಕಿಂತ ಇದೇ ಮೇಲಾಗಿ ತೋರಿತು. ಮೂಲ ಮೌಲ್ಯವನ್ನು ಬದಲಿಸಿದವರು ಸುಧಾರಣೆಯಾಯಿತೆಂದುಕೊಂಡಿದ್ದರೂ ಆಚರಣೆಯಲ್ಲಿ ಹಳೆಯದೇ ಮುಂದುವರಿಯಿತು. ೨೦೦೯ರಲ್ಲಿ ಈ ನಿಯಮ ತ್ಯಾಜ್ಯವೆಂದು ಸಾರಲ್ಪಟ್ಟು, ೨೦೧೨ರ ಮಾರ್ಚ್ ೧ರಂದು ಪ್ರಕಟವಾದ ೫.೪ನೆಯ ಆವೃತ್ತಿಯಲ್ಲಿ ಸಂಪೂರ್ಣವಾಗಿ ತೆಗೆದುಹಾಕಲ್ಪಟ್ಟಿತು. ಹತ್ತು ವರ್ಷಗಳ ಈ ನಡುವಣ ಕಾಲದ ಬಗ್ಗೆ ಆವೃತ್ತಿಯ ಸಂಖ್ಯೆಯೊಂದನ್ನೇ ಆಧಾರವಾಗಿಟ್ಟುಕೊಂಡು ಯಾವ ಸೂಚಿ ಹೇಗೆ ನಡೆಯುತ್ತಿತ್ತೆಂದು ಹೇಳುವುದು ಸಾಧ್ಯವಿಲ್ಲ. ಆಯಾ ಸರ್ವರಿನ ಕಡತ ಕೈಗೆ ಸಿಕ್ಕಲೇಬೇಕು.

‘ಮ್ಯಾಜಿಕ್ ಕೋಟ್ಸ್’ ಎಂಬುದೂ ಅದೇ ೫.೪ರಲ್ಲಿ ಕಣ್ಮರೆಯಾಯಿತು. ಒಳಬರುವ ಬರೆಹದಲ್ಲಿ ಉದ್ಧರಣ ಚಿಹ್ನೆ ಕಂಡೆಡೆಯಲ್ಲೆಲ್ಲ ಅದರ ಹಿಂದೆ ಒಂದು ಓರೆಗೆರೆಯನ್ನು ತಾನಾಗಿ ಸೇರಿಸುವುದು ಅದರ ಕೆಲಸ. ಪ್ರೋಗ್ರಾಂ ಬರೆದವನೂ ಎಚ್ಚರದಿಂದ ಇನ್ನೊಮ್ಮೆ ಸೇರಿಸಿದ್ದರೆ ಗೆರೆಗಳು ಬರೆಹದೊಳಗೇ ಉಳಿದುಬಿಡುತ್ತಿದ್ದುವು. ತಿದ್ದಿ ಉಳಿಸಿದಷ್ಟು ಸಲ ಅವು ಹೆಚ್ಚುತ್ತ ಹೋಗುತ್ತಿದ್ದುವು. ಹಳೆಯ ದತ್ತಾಂಶಗಳಲ್ಲಿ ಹೆಸರುಗಳ ನಡುವೆ ಇಂಥ ಗೆರೆಗಳು ಕಂಡರೆ ಅವನ್ನು ಕೊಳೆಯೆಂದು ಒರೆಸಿಹಾಕುವ ಮುನ್ನ ಗುರುತು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಕಳೆದುಹೋದ ಕಡತದ ಒಂದು ಸಾಲು ಅಲ್ಲಿ ಸಾಕ್ಷಿ ನುಡಿಯುತ್ತಿರುತ್ತದೆ.

ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ ಸಾಲೂ ಒಂದಿದೆ. ಪುಟದ ಅಕ್ಷರಗಳು ಯಾವ ಸಂಕೇತದಲ್ಲಿವೆಯೆಂದು ಬ್ರೌಸರಿಗೆ ಸಾರುವ ‘ಡಿಫಾಲ್ಟ್ ಚಾರ್‌ಸೆಟ್’ ಎಂಬ ನಿಯಮ ೨೦೧೪ರವರೆಗೆ ಬರಿದಾಗಿತ್ತು. ಆ ವರ್ಷದ ೫.೬ನೆಯ ಆವೃತ್ತಿಯಲ್ಲಿ ಯುಟಿಎಫ್-೮ ಅದರ ಮೂಲ ಮೌಲ್ಯವಾಯಿತು. ಮೊದಲು ಬರುತ್ತಿದ್ದ ಮಾದರಿ ಕಡತದಲ್ಲಿ ಪಶ್ಚಿಮ ಯೂರೋಪಿನ ಭಾಷೆಗಳಿಗೆ ಹೊಂದುವ ಐಎಸ್‌ಒ-೮೮೫೯-೧ ಎಂಬ ಹೆಸರಿತ್ತು. ಆ ಸಾಲಿನ ಮೊದಲಿದ್ದ ಅರ್ಧವಿರಾಮ ಚಿಹ್ನೆ ಅದನ್ನು ಬರಿಯ ಟಿಪ್ಪಣಿಯಾಗಿ ಮಾಡಿತ್ತು. ಯಾರಾದರೂ ಆ ಚಿಹ್ನೆಯನ್ನು ಅಳಿಸಿಬಿಟ್ಟರೆ ಸಾಕು, ಯುಟಿಎಫ್-೮ರಲ್ಲಿ ಬರೆದ ಕನ್ನಡದ ಒಂದೊಂದು ಅಕ್ಷರಘಟಕವೂ ಮೂರು ಮೂರು ವಿಚಿತ್ರ ಚಿಹ್ನೆಗಳಾಗಿ ಒಡೆದು ಕಾಣಬಹುದಿತ್ತು. ಯೂನಿಕೋಡನ್ನು ಭಾಷೆಯ ಒಡಲಿಗೇ ಸೇರಿಸುವ ಉದ್ದೇಶದಿಂದ ಕೈಗೊಂಡ ಆರನೆಯ ಆವೃತ್ತಿಯ ಯೋಜನೆ ೨೦೧೦ರಲ್ಲಿ ಕೈಬಿಟ್ಟುಹೋಯಿತು. ಐದರಿಂದ ನೇರವಾಗಿ ಏಳಕ್ಕೆ ಎಣಿಕೆ ಹಾರಿದುದಕ್ಕೆ ಇದೇ ಕಾರಣ.

ಮೇಲೆ ಹೇಳಿದ ಸೂಚಿಯನ್ನು ಹೊಸ ಸರ್ವರಿಗೆ ವರ್ಗಾಯಿಸಿದಾಗ ಹಳೆಯ ಸರ್ವರಿನಲ್ಲಿ ಐದು ಐಎನ್‌ಐ ಕಡತಗಳು ಸಿಕ್ಕಿದುವು. ಯಾವುದು ಜಾರಿಯಲ್ಲಿತ್ತೆಂಬುದನ್ನು ಬ್ರೌಸರಿನ ಮೂಲಕ ಕೇಳಿ, ಆ ಪುಟವನ್ನು ಅಚ್ಚುಹಾಕಿ, ತೇದಿ ಬರೆದು, ಐದನ್ನೂ ಅದರೊಡನೆ ಕಟ್ಟಿಟ್ಟೆವು. ಜಾರಿಯಲ್ಲಿದ್ದ ಪ್ರತಿಯಲ್ಲಿ ‘ರಿಜಿಸ್ಟರ್ ಗ್ಲೋಬಲ್ಸ್’ ಎಂಬ ಸಾಲು ‘ಆನ್’ ಎಂದೇ ಇತ್ತು. ಅದರ ಮೇಲಿನ ಸಾಲಿನಲ್ಲಿ, ಅರ್ಧವಿರಾಮದ ಮುಂದೆ, ಹಿಂದಿನವರಾರೋ ‘ಪರೀಕ್ಷೆ ಮುಗಿಯುವ ತನಕ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟಿದ್ದರು, ತೇದಿಯನ್ನು ಹಾಕಿರಲಿಲ್ಲ.