ಎತ್ತಿಗೆ ಸೋಮವಾರ, ಆಳಿಗೆ ಯಾವ ವಾರ?



ಉಗಾದಿಯ ಬೇವು-ಬೆಲ್ಲ ತಿಂದಾಯಿತು. ಪಂಚಾಂಗದ ಪ್ರಕಾರ ಇದು ವಸಂತ ಋತು. ಆದರೆ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಹೊತ್ತೇರುತ್ತಲೇ ನೆಲ ಕಾದ ಹಂಚಾಗುತ್ತದೆ. ಇಂಥ ದಿನಗಳಲ್ಲಿ ಯಾವಾಗ ದುಡಿಯಬೇಕು, ಯಾವಾಗ ದಣಿವಾರಿಸಿಕೊಳ್ಳಬೇಕು ಎಂಬುದನ್ನು ನಮ್ಮ ಹಿರಿಯರು ಹೇಗೆ ಗೊತ್ತುಮಾಡಿಕೊಂಡಿದ್ದರು, ಅದು ಹೇಗೆ ಬದಲಾಯಿತು ಎಂದು ಇವತ್ತು ನಾಲ್ಕು ಮಾತು ಆಡೋಣ.

ಹಿಂದೆ ಮಳೆಯೇ ದೊಡ್ಡ ಆಧಾರ. ಮುಂಗಾರಿ ಸಜ್ಜೆ, ಎರೆ ಹೊಲದ ಹಿಂಗಾರಿ ಜೋಳ, ಕಡಲೆ, ಇವುಗಳ ರಾಶಿ ಮುಗಿದು ಕಾಳು ಹಗೇವಿಗೆ ಬಿತ್ತೆಂದರೆ ಒಕ್ಕಲುತನಕ್ಕೆ ಬಿಡುವು. ಕನಕಗಿರಿಯ ತೇರು ಫಾಲ್ಗುಣದಲ್ಲಿ, ಹುಲಿಗಿಯ ಜಾತ್ರೆ ಬೇಸಿಗೆಯಲ್ಲಿ, ಮದುವೆ-ಮುಂಜಿಗಳೂ ಆಗಲೇ. ಬಿಡುವೆಂದರೆ ಕೈಕಟ್ಟಿ ಕೂಡುವುದಲ್ಲ. ತಿಪ್ಪೆಗೊಬ್ಬರ ಹೇರುವುದು, ಕೆರೆಯ ಹೂಳು ಹೊಡೆಯುವುದು, ಒಡ್ಡು ಸರಿಮಾಡುವುದು, ಹಗ್ಗ ಹೊಸೆಯುವುದು ಇದ್ದೇ ಇತ್ತು. ಆದರೆ ನಸುಕಿನಲ್ಲಿ ಬಂಡಿ ಹೂಡಿ, ಬಿಸಿಲೇರುವುದರೊಳಗೆ ಎತ್ತಿನ ಕೊರಳು ಬಿಚ್ಚುತ್ತಿದ್ದರು. ಸೋಮವಾರ ಬಸವಣ್ಣನ ವಾರ. ಅವತ್ತು ಎತ್ತಿನ ಹೆಗಲಿಗೆ ನೊಗವೇ ಇಲ್ಲ. ಈ ಪದ್ಧತಿ ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿದೆ.

“ಹಳೇ ಕಾಲಾನೇ ಚಲೋ ಇತ್ತು ಬಿಡ್ರಿ” ಎನ್ನುವವರಿದ್ದಾರೆ. ಸ್ವಲ್ಪ ತಡೆಯಿರಿ. ಎತ್ತಿಗೆ ಸೋಮವಾರವಿತ್ತು, ಸಾಲಕ್ಕೆ ಸಿಕ್ಕಿ ಜೀತಕ್ಕಿದ್ದ ಆಳಿಗೆ ಯಾವ ವಾರವಿತ್ತು? ಉಗಾದಿಯಿಂದ ಉಗಾದಿಗೆ ಅವನ ಲೆಕ್ಕ. ಗಳೆ ನಿಂತರೂ ದನ ಮೇಯಿಸುವುದು, ಸಗಣಿ ಬಳಿಯುವುದು, ಕಟ್ಟಿಗೆ ಸೀಳುವುದು ನಿಲ್ಲುತ್ತಿರಲಿಲ್ಲ. ಜೀತ ಪದ್ಧತಿ ರದ್ದಾಗುವ ಕಾನೂನು ಬರಲು 1976ರ ತನಕ ಕಾಯಬೇಕಾಯಿತು. ಮನೆಯ ಹೆಣ್ಣುಮಕ್ಕಳ ಪಾಡೂ ಬೇರೆಯಲ್ಲ. ಗಳೆ ಬಿಟ್ಟರೂ ಒಲೆ ಬಿಡಲಿಲ್ಲ. ಬಾವಿ ಬತ್ತಿದಷ್ಟೂ ಕೊಡ ಹೊತ್ತು ನಡೆಯುವ ದಾರಿ ದೂರವಾಯಿತು. ಇನ್ನು ಹಗೇವಿನಲ್ಲಿ ಕಾಳಿದ್ದವರಿಗೆ ಬೇಸಿಗೆ ಬಿಡುವಾದರೆ, ಇಲ್ಲದವರಿಗೆ ಅದು ಕೂಲಿಯಿಲ್ಲದ ಕಾಲ. ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯ ಮಂದಿ ಗಂಟು ಕಟ್ಟಿಕೊಂಡು ಗುಳೆ ಹೋಗುವುದು ಇದರಿಂದಲೇ.

ಆಮೇಲೆ ಕಾಲುವೆ ಬಂತು. 1945ರಲ್ಲಿ ಕೆಲಸ ಶುರುವಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಬಿಟ್ಟರು. ಎಡದಂಡೆ ಕಾಲುವೆ ಗಂಗಾವತಿಯ ಸುತ್ತಿನ ಜೋಳದ ಹೊಲಗಳನ್ನು ಭತ್ತದ ಗದ್ದೆ ಮಾಡಿತು. ನೀರು ಸಾಕಾದ ವರ್ಷ ಎರಡು ಬೆಳೆ. ಎರಡನೆಯ ಬೆಳೆ ಕೊಯ್ಲಿಗೆ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ, ಅಂದರೆ ಹಿರಿಯರು ಮಧ್ಯಾಹ್ನ ಹೊರಗೆ ಕಾಲಿಡಲು ಹಿಂಜರಿಯುತ್ತಿದ್ದ ದಿನಗಳಲ್ಲಿ! ಕಾಲುವೆ ಅನ್ನ ಕೊಟ್ಟಿತು, ಅದನ್ನು ಮರೆಯಬಾರದು. ಆದರೆ ಬಿಡುವಿನ ತಿಂಗಳು ಕಾಲುವೆಯ ಪಾಲಾಯಿತು. ಈಗ ಕೊಯ್ಲಿಗೆ ಯಂತ್ರ ಬಂದಿದೆ, ನಿಜ. ಒಣಹಾಕಿದ ಭತ್ತವನ್ನು ಉರಿಬಿಸಿಲಿನಲ್ಲಿ ತಿರುವಿ ಹಾಕುವವರು ಮಾತ್ರ ಇನ್ನೂ ಮನುಷ್ಯರೇ.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬಿಸಿಲು ಹೆಚ್ಚೆಂದು ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರವರೆಗೆ ವೇಳೆ ಗೊತ್ತುಮಾಡುವ ರೂಢಿ ಬಂದಿದೆ. ಫ್ಯಾನಿನ ಕೆಳಗೆ ಕೂಡುವ ನನ್ನಂಥವನಿಗೇ ಈ ಅನುಕೂಲವಿರುವಾಗ, ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿದು ಬಗ್ಗಿದ ಸೊಂಟ ನೆಟ್ಟಗೆ ಮಾಡದೆ ದುಡಿಯುವ ತಾಯಿಗೆ ವೇಳೆ ಗೊತ್ತುಮಾಡುವವರು ಯಾರು? ನಾವೇ, ನೀವೇ.

ಹಾಗಾದರೆ ಏನು ಮಾಡೋಣ? ಬೆಳಕು ಹರಿಯುತ್ತಲೇ ಕೆಲಸ ಹಿಡಿಯಿರಿ, 11 ಗಂಟೆಯೊಳಗೆ ಬಿಡಿರಿ. ಉಳಿದದ್ದು ಇಳಿಹೊತ್ತಿನಲ್ಲಿ, 4ರ ಮೇಲೆ. ನಡುವಿನ ಹೊತ್ತಿನ ಕೂಲಿ ಮುರಿಯಬೇಡಿ. ತಂಪಿನಲ್ಲಿ ಆದ ಕೆಲಸ ಬಿಸಿಲಿನ ಕೆಲಸಕ್ಕಿಂತ ಸಾಗುತ್ತದೆ. ಬದುವಿನಲ್ಲಿ ಮರವಿಲ್ಲದಿದ್ದರೆ ನಾಲ್ಕು ಗೂಟಕ್ಕೆ ತಾಡಪತ್ರಿ ಕಟ್ಟಿರಿ. ನೀರಡಿಕೆಯಾಗುವ ತನಕ ಕಾಯದೆ ಆಗಾಗ ನೀರು, ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಕುಡಿಯಿರಿ. ದನಗಳಿಗೂ ನೆರಳು, ನೀರು ತಪ್ಪಿಸಬೇಡಿ. ಯಾರಾದರೂ ಮೈ ಕೆಂಡವಾಗಿ ತೊದಲಿದರೆ, ತಾಳತಪ್ಪಿ ನಡೆದರೆ, ಬಿದ್ದರೆ, ದೆವ್ವ-ಗಾಳಿ ಎನ್ನುತ್ತ ಕೂಡಬೇಡಿ. ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಹಾಕಿ, ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಕಾರಹುಣ್ಣಿವೆ ಬಂದಾಗ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು ಮೆರೆಸುತ್ತೇವೆ. ದುಡಿದ ಜೀವಕ್ಕೆ ಋಣ ಉಂಟೆಂದು ತಿಳಿದ ನಾಡು ನಮ್ಮದು. ಆ ಋಣ ನಮ್ಮ ಕೂಡ ದುಡಿಯುವ ಮನುಷ್ಯರಿಗೂ ಸಲ್ಲಲಿ. ಮುಂಗಾರಿ ಹನಿ ಬಿದ್ದ ದಿನ ಹೊಲಕ್ಕೆ ಹೋಗಲು ಎಲ್ಲರ ಮೈಯಲ್ಲೂ ಕಸುವು ಉಳಿದಿರಬೇಕಲ್ಲವೇ?