ಕತ್ತರಿಸಿದವರು, ಬಣ್ಣ ಹಾಕಿದವರು, ಕಂಡವರು

ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯ ಕುರಿತ ಪುಸ್ತಕ ಪ್ರಕಟಿಸಿದಾಗ ಅವನ ವಾದದಲ್ಲಿ ಒಂದು ಕೊಂಡಿ ಇನ್ನೂ ಸಿಕ್ಕಿರಲಿಲ್ಲ. ಅಪಧಮನಿಯಲ್ಲಿ ಹೊರಟ ರಕ್ತ ಅಭಿಧಮನಿಯಲ್ಲಿ ಮರಳುತ್ತದೆ ಎಂಬುದನ್ನು ಅವನು ಲೆಕ್ಕ ಹಾಕಿ, ತೋಳಿಗೆ ಪಟ್ಟಿ ಬಿಗಿದು ತೋರಿಸಿದ್ದ. ನಡುವೆ ಅದು ದಾಟುವ ಹಾದಿ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಆ ಹಾದಿಯನ್ನು ಕಾಣದೆಯೇ ಹಾರ್ವೆ 1657ರಲ್ಲಿ ತೀರಿಕೊಂಡ. ನಾಲ್ಕು ವರ್ಷಗಳ ನಂತರ, 1661ರಲ್ಲಿ, ಇಟಲಿಯ ಬೊಲೊನ್ಯಾದ ವೈದ್ಯ ಮಾರ್ಚೆಲ್ಲೊ ಮಾಲ್ಪಿಘಿ ಅದನ್ನು ಕಂಡ. ಅವನ ಕೈಯಲ್ಲಿದ್ದ ಸೂಕ್ಷ್ಮದರ್ಶಕ ಅಂಥ ಅಪರೂಪದ್ದೇನಲ್ಲ. ಅವನ ಜಾಣತನ ಇದ್ದದ್ದು ಕಪ್ಪೆಯನ್ನು ಆರಿಸಿದ್ದರಲ್ಲಿ. ಕಪ್ಪೆಯ ಶ್ವಾಸಕೋಶದ ಗೋಡೆ ಬೆಳಕು ಹಾಯುವಷ್ಟು ತೆಳು. ಅದನ್ನು ಒಣಗಿಸಿ ನೋಡಿದಾಗ ಲೋಮನಾಳಗಳ ಜಾಲ ಸ್ಪಷ್ಟವಾಗಿ ಕಾಣಿಸಿತು.

ದೇಹದ ಅಂಗಾಂಶಗಳನ್ನು ಸೂಕ್ಷ್ಮದರ್ಶಕದಡಿ ನೋಡುವ ವಿಜ್ಞಾನ, ಅಂದರೆ ಹಿಸ್ಟಾಲಜಿ, ಬೆಳೆದ ಬಗೆಯ ಸುಳಿವು ಈ ಮೊದಲ ಹೆಜ್ಜೆಯಲ್ಲೇ ಇದೆ. ಈ ಶಾಸ್ತ್ರದ ಚರಿತ್ರೆಯನ್ನು ಮಸೂರಗಳ ಚರಿತ್ರೆಯೆಂದು ಹೇಳುವುದು ರೂಢಿ. ಆದರೆ ಮಸೂರದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಇದನ್ನು ಮುಂದೆ ನಡೆಸಿದ್ದು ಅಂಗಾಂಶವನ್ನು ಗಟ್ಟಿ ಮಾಡುವ, ತೆಳ್ಳಗೆ ಕತ್ತರಿಸುವ, ಬಣ್ಣ ಹಿಡಿಸುವ ಕೈಕೆಲಸ.

ಮಸೂರದ ಮೇಲಿನ ಅನುಮಾನ

ಮಾಲ್ಪಿಘಿಯ ಕಾಲದಲ್ಲೇ ಲಂಡನ್ನಿನ ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಚೂರಿನಲ್ಲಿ ಖಾಲಿ ಕೋಣೆಗಳನ್ನು ಕಂಡು ಅವನ್ನು 'ಸೆಲ್' ಎಂದು ಕರೆದ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಒಂಟಿ ಮಸೂರದಲ್ಲಿ ಕೆಂಪು ರಕ್ತಕಣಗಳನ್ನೂ ಸ್ನಾಯುವಿನ ಎಳೆಗಳ ಮೇಲಿನ ಅಡ್ಡಪಟ್ಟೆಗಳನ್ನೂ ವರ್ಣಿಸಿದ. ಸ್ನಾಯುವಿನ ಎಳೆಗಳು ಸರಿಯಾಗಿ ಕಾಣಲೆಂದು ಅವಕ್ಕೆ ಕೇಸರಿಯ ಬಣ್ಣ ಹಿಡಿಸಿ ನೋಡಿದವನೂ ಅವನೇ. ಈ ಉಪಾಯವನ್ನು ಮುಂದುವರಿಸುವವರು ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಆ ನಡುವೆ ಸೂಕ್ಷ್ಮದರ್ಶಕಕ್ಕೆ ಕೆಟ್ಟ ಹೆಸರು ಬಂದಿತ್ತು. ಹಲವು ಮಸೂರ ಜೋಡಿಸಿದರೆ ವಸ್ತುವಿನ ಅಂಚಿಗೆಲ್ಲ ಬಣ್ಣದ ಉಂಗುರಗಳು ಮೂಡುತ್ತಿದ್ದವು. ಹಾಗಾಗಿ ಅಂಗಾಂಶಗಳನ್ನು ಮೊದಲು ಕ್ರಮವಾಗಿ ವಿಂಗಡಿಸಿದವನು ಆ ಉಪಕರಣವನ್ನು ನಂಬದೆ ದೂರವಿಟ್ಟವನೇ ಆಗಿದ್ದ: ಪ್ಯಾರಿಸ್ಸಿನ ವೈದ್ಯ ಝೇವಿಯೆ ಬಿಷಾ. ಆತ ಶವಗಳನ್ನು ಕೊಯ್ದು, ಚೂರುಗಳನ್ನು ಬೇಯಿಸಿ, ಕೊಳೆಸಿ, ಒಣಗಿಸಿ, ಆಮ್ಲದಲ್ಲಿ ಅದ್ದಿ, ಪ್ರತಿಯೊಂದೂ ಹೇಗೆ ವರ್ತಿಸುತ್ತದೆಂದು ನೋಡಿ 21 ಬಗೆಯ ಅಂಗಾಂಶಗಳನ್ನು ಗುರುತಿಸಿದ. ಕಾಯಿಲೆ ಕೂರುವುದು ಇಡೀ ಅಂಗದಲ್ಲಲ್ಲ, ಅದರೊಳಗಿನ ಯಾವುದೋ ಒಂದು ಅಂಗಾಂಶದಲ್ಲಿ ಎಂಬುದು ಅವನ ವಾದ. 1802ರಲ್ಲಿ ಸತ್ತಾಗ ಅವನಿಗೆ ಕೇವಲ 30 ವರ್ಷ.

ಬಿಷಾನ ಅನುಮಾನ ಆಧಾರವಿಲ್ಲದ್ದಲ್ಲ. 1820ರ ದಶಕದಲ್ಲೂ ಕೆಲವರು ಎಲ್ಲ ಅಂಗಾಂಶಗಳೂ ಒಂದೇ ಅಳತೆಯ ಗುಂಡು ಕಣಗಳಿಂದ ಆಗಿವೆ ಎಂದು ಸಾರುತ್ತಿದ್ದರು. ಲಂಡನ್ನಿನ ವೈನ್ ವ್ಯಾಪಾರಿ ಜೋಸೆಫ್ ಜಾಕ್ಸನ್ ಲಿಸ್ಟರ್, ಬಣ್ಣದ ದೋಷ ತಗ್ಗಿಸಿದ ಮಸೂರಗಳನ್ನು ರೂಪಿಸಿ, ವೈದ್ಯ ಥಾಮಸ್ ಹಾಜ್‌ಕಿನ್ ಜೊತೆ 1827ರಲ್ಲಿ ಮತ್ತೆ ನೋಡಿದಾಗ ಆ ಗುಂಡುಗಳು ಮಾಯವಾದವು. ಜನ ನೋಡುತ್ತಿದ್ದದ್ದು ಗಾಜಿನ ದೋಷವನ್ನು. ಇಂಥ ಮಸೂರಗಳನ್ನು ಹೇಗೆ ಜೋಡಿಸಬೇಕೆಂದು ಲಿಸ್ಟರ್ 1830ರಲ್ಲಿ ಪ್ರಕಟಿಸಿದ ಬರಹ ಉಪಕರಣಕ್ಕೆ ಮತ್ತೆ ಮರ್ಯಾದೆ ತಂದಿತು.

ಮುಂದಿನ ಮೂರು ದಶಕಗಳಲ್ಲಿ ಕೆಲಸದ ಕೇಂದ್ರ ಜರ್ಮನ್ ಭಾಷೆಯ ವಿಶ್ವವಿದ್ಯಾಲಯಗಳಿಗೆ ಸರಿಯಿತು. ಬ್ರೆಸ್ಲೌನಲ್ಲಿದ್ದ ಜೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ 1837ರಲ್ಲಿ ಕಿರುಮೆದುಳಿನ ದೊಡ್ಡ ನರಕೋಶಗಳನ್ನು ವರ್ಣಿಸಿದ. ಥಿಯೊಡೋರ್ ಶ್ವಾನ್ 1839ರಲ್ಲಿ ಪ್ರಾಣಿಗಳ ಎಲ್ಲ ಅಂಗಾಂಶಗಳಿಗೂ ಜೀವಕೋಶವೇ ಮೂಲವೆಂದು ಹೇಳಿದ. ಆದರೆ ಹೊಸ ಕೋಶ ಒಂದು ಬಗೆಯ ದ್ರವದಿಂದ ಹರಳುಗಟ್ಟಿದಂತೆ ಹುಟ್ಟುತ್ತದೆಂದು ನಂಬಿದ್ದ. ಅದನ್ನು ತಿದ್ದಿ, ಕೋಶ ಹುಟ್ಟುವುದು ಕೋಶ ಒಡೆದೇ ಎಂದು ತೋರಿಸಿದವರಲ್ಲಿ ಬರ್ಲಿನ್ನಿನ ರಾಬರ್ಟ್ ರೆಮಾಕ್ ಮುಖ್ಯ. ಮತಾಂತರಕ್ಕೆ ಒಪ್ಪದ ಯಹೂದಿಯಾದ್ದರಿಂದ ಅವನಿಗೆ ಪೂರ್ಣ ಪ್ರಾಧ್ಯಾಪಕ ಹುದ್ದೆ ಕೊನೆಗೂ ಸಿಗಲಿಲ್ಲ. ಅದೇ ಮಾತನ್ನು ಸೂತ್ರವಾಗಿಸಿ, 1858ರ ಉಪನ್ಯಾಸಗಳಲ್ಲಿ ರೋಗವನ್ನೂ ಕೋಶದ ಮಟ್ಟದಲ್ಲೇ ಹುಡುಕಬೇಕೆಂದ ರುಡಾಲ್ಫ್ ವಿರ್ಶೋನ ಹೆಸರು ಪಠ್ಯಪುಸ್ತಕಗಳಲ್ಲಿ ನಿಂತಿತು.

ಬಣ್ಣದ ಯುಗ

ಒಳ್ಳೆಯ ಮಸೂರ ಬಂದರೂ ಮೂರು ತೊಡಕು ಉಳಿದಿದ್ದವು. ಹಸಿ ಅಂಗಾಂಶ ಮೆತ್ತಗಿರುತ್ತದೆ, ಕೊಳೆಯುತ್ತದೆ, ಮೇಲಾಗಿ ಅದರ ಬಹುಪಾಲು ಪಾರದರ್ಶಕ. 19ನೇ ಶತಮಾನದ ಉತ್ತರಾರ್ಧ ಈ ಮೂರೂ ತೊಂದರೆಗಳಿಗೆ ಪರಿಹಾರ ಹುಡುಕಿತು.

ಬಣ್ಣದಿಂದ ಆರಂಭಿಸೋಣ. ಎರ್ಲಾಂಗೆನ್‌ನ ಯೋಸೆಫ್ ಗೆರ್ಲಾಖ್ 1850ರ ದಶಕದಲ್ಲಿ ಕಾರ್ಮೈನ್ ಎಂಬ, ಕೀಟದಿಂದ ತೆಗೆದ ಕೆಂಪು ಬಣ್ಣವನ್ನು ಬಳಸುತ್ತಿದ್ದ. ಗಾಢ ದ್ರಾವಣದಲ್ಲಿ ಎಲ್ಲವೂ ಒಂದೇ ಸಮ ಕೆಂಪಾಗುತ್ತಿತ್ತು. ಒಮ್ಮೆ ಕಿರುಮೆದುಳಿನ ಚೂರೊಂದು ರಾತ್ರಿಯಿಡೀ ತೀರಾ ತೆಳು ದ್ರಾವಣದಲ್ಲಿ ಉಳಿದುಹೋಯಿತಂತೆ. ಬೆಳಗ್ಗೆ ನೋಡಿದರೆ ಕೋಶಗಳ ಕೇಂದ್ರಗಳು ಬೇರೆಯಾಗಿ ಎದ್ದು ಕಾಣುತ್ತಿದ್ದವು. ಅಂಗಾಂಶದ ಬೇರೆ ಬೇರೆ ಭಾಗಗಳು ಬಣ್ಣವನ್ನು ಬೇರೆ ಬೇರೆಯಾಗಿ ಹೀರುತ್ತವೆ ಎಂಬುದೇ ಇಲ್ಲಿನ ಪಾಠ. ನಂತರ ಮಧ್ಯ ಅಮೆರಿಕದ ಮರವೊಂದರ ತಿರುಳಿನಿಂದ ಹೆಮಟಾಕ್ಸಿಲಿನ್ ಬಂತು. 1865ರಲ್ಲಿ ಬ್ಯೋಮರ್ ಎಂಬಾತ ಅದಕ್ಕೆ ಪಟಿಕ ಬೆರೆಸಿ ಬಣ್ಣ ಕಚ್ಚುವಂತೆ ಮಾಡಿದ. ಕೋಶಕೇಂದ್ರವನ್ನು ನೀಲಿಯಾಗಿಸುವ ಅದರ ಜೊತೆಗೆ, ಉಳಿದ ಭಾಗವನ್ನು ಗುಲಾಬಿಯಾಗಿಸುವ ಇಯೋಸಿನ್ 1876ರಲ್ಲಿ ಸೇರಿತು. ಆ ಜೋಡಿ ಇಂದಿಗೂ ಪೆಥಾಲಜಿ ಲ್ಯಾಬುಗಳ ದಿನನಿತ್ಯದ ಬಣ್ಣ.

ಜರ್ಮನಿಯ ಬಣ್ಣದ ಕಾರ್ಖಾನೆಗಳು ಬಟ್ಟೆಗಾಗಿ ತಯಾರಿಸಿದ ಅನಿಲಿನ್ ಬಣ್ಣಗಳನ್ನು ಪಾಲ್ ಏರ್ಲಿಖ್ ರಕ್ತ ಮತ್ತು ಅಂಗಾಂಶಗಳ ಮೇಲೆ ಪ್ರಯೋಗಿಸಿದ. ಅದರಿಂದಲೇ ಮಾಸ್ಟ್ ಕೋಶಗಳೆಂಬ ಒಂದು ಬಗೆಯ ಕೋಶಗಳು ಪತ್ತೆಯಾದವು. ಒಂದು ಬಣ್ಣ ಒಂದೇ ಬಗೆಯ ಕೋಶವನ್ನು ಹುಡುಕಿ ಹಿಡಿಯುವುದಾದರೆ, ಒಂದು ಔಷಧ ರೋಗಾಣುವನ್ನು ಮಾತ್ರ ಹಿಡಿಯಬಾರದೇಕೆ ಎಂದು ಅವನು ಯೋಚಿಸಿದ. 1910ರಲ್ಲಿ ಮಾರುಕಟ್ಟೆಗೆ ಬಂದ ಸಿಫಿಲಿಸ್ ಔಷಧ ಸಾಲ್ವರ್ಸಾನ್‌ಗೆ ದಾರಿ ತೆರೆದದ್ದು ಈ ಯೋಚನೆ.

ಕತ್ತರಿಸುವ ಯಂತ್ರವಾದ ಮೈಕ್ರೋಟೋಮ್, ಚೂರನ್ನು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸುವ ವಿಧಾನ ಎರಡೂ 1860ರ ದಶಕದಲ್ಲಿ ರೂಪುಗೊಂಡು, ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು ತೆಳುವಾದ ಪದರಗಳನ್ನು ಸಾಧ್ಯವಾಗಿಸಿದವು. ಕೆಡದಂತೆ ಕಾಯಲು ಫಾರ್ಮಲಿನ್ ಬಂದದ್ದು ಕೊನೆಗೆ. ಫ್ರಾಂಕ್‌ಫರ್ಟಿನ ಫರ್ಡಿನಾಂಡ್ ಬ್ಲುಮ್ ಅದನ್ನು ಕ್ರಿಮಿನಾಶಕವಾಗಿ ಪರೀಕ್ಷಿಸುತ್ತಿದ್ದಾಗ ತನ್ನ ಬೆರಳ ಚರ್ಮವೇ ಗಟ್ಟಿಯಾದದ್ದನ್ನು ಗಮನಿಸಿ 1893ರಲ್ಲಿ ವರದಿ ಮಾಡಿದ.

ಒಂದೇ ಸ್ಲೈಡ್, ಎರಡು ನೋಟ

ಮೆದುಳು ಮಾತ್ರ ಈ ಬಣ್ಣಗಳಿಗೆ ಜಗ್ಗಲಿಲ್ಲ. ನರಕೋಶಗಳ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಎಲ್ಲಕ್ಕೂ ಬಣ್ಣ ಬಿದ್ದರೆ ಏನೂ ತಿಳಿಯದು. ಇಟಲಿಯ ಅಬ್ಬಿಯಾತೆಗ್ರಾಸ್ಸೊದ ಆಸ್ಪತ್ರೆಯಲ್ಲಿ ಅಡುಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದ ಕಮಿಲ್ಲೊ ಗಾಲ್ಜಿ, 1873ರಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಿಲ್ವರ್ ನೈಟ್ರೇಟ್ ಬಳಸಿ ಹೊಸ ವಿಧಾನ ಪ್ರಕಟಿಸಿದ. ಅದು ನೂರರಲ್ಲಿ ಕೆಲವೇ ಕೋಶಗಳನ್ನು, ಆದರೆ ಹಿಡಿದದ್ದನ್ನು ಪೂರ್ತಿಯಾಗಿ, ಕಪ್ಪಾಗಿಸುತ್ತಿತ್ತು. ಬಿಳಿ ನೂಲಿನ ಸಿಕ್ಕಿನಲ್ಲಿ ಒಂದೆರಡು ಎಳೆ ಮಾತ್ರ ಕಪ್ಪಾದರೆ ಅವುಗಳ ಹಾದಿ ಹಿಡಿಯಬಹುದಲ್ಲ, ಹಾಗೆ.

ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಈ ವಿಧಾನದ ಸ್ಲೈಡುಗಳನ್ನು 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ನೋಡಿ ಬೆರಗಾದ. ವಿಧಾನವನ್ನು ತಿದ್ದಿ, ಎಳೆಗಳ ಸುತ್ತ ಕೊಬ್ಬಿನ ಹೊದಿಕೆ ಇನ್ನೂ ಬೆಳೆಯದ ಭ್ರೂಣ ಮತ್ತು ಮರಿಗಳ ಮೆದುಳನ್ನು ಆರಿಸಿಕೊಂಡ. ಪ್ರತಿ ನರಕೋಶವೂ ಬಿಡಿ ಘಟಕ, ಒಂದು ಇನ್ನೊಂದನ್ನು ತಾಕುತ್ತದೆಯೇ ಹೊರತು ಬೆಸೆದುಕೊಳ್ಳುವುದಿಲ್ಲ ಎಂಬ ತೀರ್ಮಾನಕ್ಕೆ ಬಂದ. ತನ್ನ ಬರಹಗಳನ್ನು ಯಾರೂ ಓದದಿದ್ದಾಗ 1889ರಲ್ಲಿ ಸ್ಲೈಡುಗಳನ್ನು ಕಟ್ಟಿಕೊಂಡು ಬರ್ಲಿನ್‌ಗೆ ಹೋಗಿ, ಆಗಿನ ಹಿರಿಯ ಹಿಸ್ಟಾಲಜಿಸ್ಟ್ ಆಲ್ಬರ್ಟ್ ಕೋಲಿಕರ್‌ಗೆ ತೋರಿಸಿ ಒಪ್ಪಿಸಿದ. ಗಾಲ್ಜಿಗೆ ಅದೇ ಬಣ್ಣದಲ್ಲಿ ಕಂಡದ್ದು ಒಂದಕ್ಕೊಂದು ಕೂಡಿಕೊಂಡ ಜಾಲ. 1906ರಲ್ಲಿ ಇಬ್ಬರಿಗೂ ನೊಬೆಲ್ ಹಂಚಿಕೆಯಾದಾಗ ಗಾಲ್ಜಿ ತನ್ನ ಭಾಷಣದಲ್ಲಿ ಕಹಾಲ್‌ನ ಸಿದ್ಧಾಂತವನ್ನೇ ಖಂಡಿಸಿದ.

ಜಗಳ ತೀರಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ. ಅದರ ಮೊದಲ ಮಾದರಿಯನ್ನು ಬರ್ಲಿನ್ನಿನಲ್ಲಿ ಎರ್ನ್ಸ್ಟ್ ರುಸ್ಕ 1931ರಲ್ಲೇ ಮಾಡಿದ್ದರೂ, ಅಂಗಾಂಶವನ್ನು ಅದಕ್ಕೆ ತಕ್ಕಷ್ಟು ತೆಳ್ಳಗೆ ಕೊಯ್ಯುವ, ಕೆಡದಂತೆ ಹಿಡಿಯುವ ವಿಧಾನಗಳು ಕುದುರಿದ್ದು 1950ರ ದಶಕದಲ್ಲಿ. ಆಗ ನ್ಯೂಯಾರ್ಕಿನ ಜಾರ್ಜ್ ಪಲಾಡೆ ಮುಂತಾದವರಿಗೆ ಎರಡು ನರಕೋಶಗಳ ನಡುವಿನ ಬಿರುಕು ಕಂಡಿತು: ಮಿಲಿಮೀಟರಿನ ಸುಮಾರು 50 ಸಾವಿರದಲ್ಲಿ ಒಂದು ಭಾಗ. ಕಹಾಲ್ ಸರಿ.

ಅದಕ್ಕೂ ಮುನ್ನ, 1941ರಲ್ಲಿ, ಅಮೆರಿಕದ ಆಲ್ಬರ್ಟ್ ಕೂನ್ಸ್ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಅಂಟಿಸಿ, ಬೇಕಾದ ವಸ್ತುವನ್ನು ಮಾತ್ರ ಅಂಗಾಂಶದಲ್ಲಿ ಹುಡುಕುವ ದಾರಿ ತೆರೆದಿದ್ದ. ಸ್ತನ ಕ್ಯಾನ್ಸರಿನ ಗಡ್ಡೆಗೆ ಯಾವ ಔಷಧ ನಾಟುತ್ತದೆಂದು ಇಂದು ಲ್ಯಾಬುಗಳು ಹೇಳುವುದು ಅದೇ ತತ್ವದ ಪರೀಕ್ಷೆಗಳಿಂದ.

ಈಗ ಸ್ಲೈಡನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಓದಿಸುವ ಕಾಲ. ಆದರೆ ಚೂರು ಫಾರ್ಮಲಿನ್‌ಗೆ ಬೀಳುವುದು ತಡವಾದರೆ, ಪದರ ದಪ್ಪವಾದರೆ, ಬಣ್ಣ ಸರಿಯಾಗಿ ಹಿಡಿಯದಿದ್ದರೆ ಯಂತ್ರಕ್ಕೂ ವೈದ್ಯರಿಗೂ ಸಿಗುವುದು ಕೆಟ್ಟ ಚಿತ್ರವೇ. ಬಯಾಪ್ಸಿ ವರದಿಗೆ ಕೆಲವು ದಿನ ಹಿಡಿಯುವುದು ಬಹುಮಟ್ಟಿಗೆ ಈ ಕೆಲಸಕ್ಕೆ. ಅವಸರ ಮಾಡಿದರೆ ಕಳೆದುಕೊಳ್ಳುವುದು ರೋಗಿಯೇ.